ಶೋಕವೂ ಶ್ವಾಸವೂ: ಅಜಾಗ್ನಿವರ್ಣರ ಅವಸಾನವನ್ನು ಕುರಿತ ಒಂದು ವಿಚಾರ

ರಘುವಂಶದ ೧೯ನೆಯ ಸರ್ಗದಲ್ಲಿ ಕಾಳಿದಾಸನು ಅಗ್ನಿವರ್ಣನ ರಾಜಯಕ್ಷ್ಮವನ್ನು ವರ್ಣಿಸುತ್ತ ಒಂದು ವಿಚಿತ್ರವಾದ ಹೋಲಿಕೆಯನ್ನು ತಂದಿರುವನು. ದೊರೆಯ ಮುಖವು ಬಿಳಿಚಿದೆ, ಮೈಮೇಲಿನ ಒಡವೆಗಳು ವಿರಳವಾಗಿವೆ, ಹೆಜ್ಜೆಯಿಡಲು ಮತ್ತೊಬ್ಬರ ಆಸರೆ ಬೇಕಾಗಿದೆ, ಧ್ವನಿಯು ತಗ್ಗಿದೆ. ಇಷ್ಟನ್ನು ಹೇಳಿ, ಈ ಕ್ಷೀಣದಶೆಯು ಕಾಮಿಯಾದವನ ಅವಸ್ಥೆಯನ್ನು ಹೋಲುತ್ತಿತ್ತೆಂದು ಕವಿಯು ಮುಗಿಸುತ್ತಾನೆ. ಮೊದಲ ಓದಿಗೆ ಇದು ಬರಿಯ ಚಮತ್ಕಾರವೆಂದು ತೋರುವುದು. ಎರಡನೆಯ ಓದಿಗೆ ಸಂಶಯವೊಂದು ಏಳುವುದು. ವಿರಹಿಯ ಲಕ್ಷಣಗಳೂ ಕ್ಷಯರೋಗಿಯ ಲಕ್ಷಣಗಳೂ ಹೊರನೋಟಕ್ಕೆ ಒಂದೇ ಆಗಿರುವಾಗ, ಒಳಗಿನ ಕಾರಣವೂ ಒಂದೇ ಎಂದು ಕವಿಯ ಅಭಿಪ್ರಾಯವೆ? ಅಥವಾ ಕಾರಣಗಳು ಬೇರೆಯಾದುದರಿಂದಲೇ ಹೋಲಿಕೆಗೆ ಅವಕಾಶ ದೊರೆಯಿತೆ? ಮಮ್ಮಟನ ಲಕ್ಷಣದಲ್ಲಿ ಸಾಧರ್ಮ್ಯದಂತೆಯೇ ಭೇದವೂ ಉಪಮೆಗೆ ಅವಶ್ಯವಾದ ಅಂಗವೆಂಬುದನ್ನು ವಾಚಕರು ಬಲ್ಲರಷ್ಟೆ. ಎರಡು ವಸ್ತುಗಳು ಒಂದೇ ಆಗಿದ್ದಲ್ಲಿ ಒಂದನ್ನು ಇನ್ನೊಂದಕ್ಕೆ ಹೋಲಿಸುವ ಪ್ರಸಕ್ತಿಯೇ ಇಲ್ಲ.

ಈ ಸಂಶಯವನ್ನು ಎತ್ತುವುದಕ್ಕೆ ಕಾರಣವುಂಟು. ಶೋಕದಿಂದ ನಿಟ್ಟುಸಿರು, ನಿಟ್ಟುಸಿರಿನಿಂದ ಕಾರ್ಶ್ಯ, ಕಾರ್ಶ್ಯದಿಂದ ಯಕ್ಷ್ಮ, ಯಕ್ಷ್ಮದಿಂದ ಮರಣ ಎಂಬ ಸೋಪಾನಕ್ರಮವನ್ನು ನಮ್ಮ ಕವಿಗಳು ಕಂಡಿದ್ದರು. ಆಯುರ್ವೇದವು ಅದನ್ನೇ ಶಾಸ್ತ್ರವಾಗಿ ಕಟ್ಟಿತು. ಪಾಶ್ಚಾತ್ಯ ವೈದ್ಯರೂ ತಡವಾಗಿ ಅದೇ ಮಾತಿಗೆ ಬಂದಿದ್ದಾರೆ — ಹೀಗೆಂದು ಸಭೆಗಳಲ್ಲಿಯೂ ಪಾಠಗಳಲ್ಲಿಯೂ ಮೇಲಿಂದ ಮೇಲೆ ಕೇಳಿಬರುತ್ತದೆ. ನಾನೂ ಬಹುಕಾಲ ಹಾಗೆಯೇ ಪಾಠ ಹೇಳಿದವನು. ಈ ಪೂರ್ವಪಕ್ಷವು ಕಾವ್ಯದ ಮುಂದೆಯೂ ಶಾಸ್ತ್ರದ ಮುಂದೆಯೂ ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದೆ.

(೧)

ಅಗ್ನಿವರ್ಣನ ಪಕ್ಕದಲ್ಲಿ ಅವನ ಪೂರ್ವಜನಾದ ಅಜನನ್ನು ನಿಲ್ಲಿಸಿ ನೋಡಬೇಕು. ಒಂದೇ ವಂಶ, ಒಂದೇ ಕಾವ್ಯ, ಇಬ್ಬರ ದೇಹವೂ ರೋಗದಿಂದ ಸವೆದು ಬಿದ್ದಿತು. ಆದರೆ ಕವಿಯು ಇಬ್ಬರನ್ನು ನಡೆಸಿಕೊಂಡಿರುವ ರೀತಿಯು ತೀರ ಬೇರೆ. ಎಂಟನೆಯ ಸರ್ಗದಲ್ಲಿ ನಾರದನ ವೀಣೆಯಿಂದ ಜಾರಿದ ಮಾಲೆಯು ತಗುಲಿ ಇಂದುಮತಿಯು ಸಾಯುತ್ತಾಳೆ. ಅಜನು ಮಗನು ಬಾಲಕನೆಂಬ ಕಾರಣದಿಂದ ಎಂಟು ವರ್ಷಗಳನ್ನು ಹೇಗೋ ಕಳೆಯುತ್ತಾನೆ. ಆ ಬಳಿಕ ಶೋಕವೆಂಬ ಮೊಳೆಯು ಅವನ ಎದೆಯನ್ನು, ಉಪ್ಪರಿಗೆಯ ತಳವನ್ನು ಬಸರಿಯ ಬೇರು ಸೀಳುವಂತೆ, ಸೀಳಿತೆಂದು ಕವಿಯು ಹೇಳುತ್ತಾನೆ. ಅದು ವೈದ್ಯರಿಗೆ ಅಸಾಧ್ಯವಾದುದು, ಪ್ರಾಣವನ್ನು ಕೊನೆಗಾಣಿಸತಕ್ಕುದು. ಆದರೂ ಪ್ರಿಯೆಯನ್ನು ಬೇಗನೆ ಅನುಸರಿಸಿ ಹೋಗಲು ಒದಗಿದ ಲಾಭವೆಂದು ದೊರೆಯು ಅದನ್ನು ಬಗೆದನು. ದಶರಥನು ಕವಚವನ್ನು ತೊಡಬಲ್ಲ ವಯಸ್ಸಿಗೆ ಬಂದಮೇಲೆ ಅವನಿಗೆ ರಾಜ್ಯವನ್ನೊಪ್ಪಿಸಿ, ರೋಗಪೀಡಿತವಾದ ದೇಹವೆಂಬ ಕೆಟ್ಟ ಮನೆಯನ್ನು ಬಿಡಲೆಳಸಿ ಪ್ರಾಯೋಪವೇಶವನ್ನು ಕೈಕೊಂಡು, ಗಂಗಾಸರಯೂಸಂಗಮದಲ್ಲಿ ಶರೀರವನ್ನು ತ್ಯಜಿಸಿದನು.

ಇಲ್ಲಿ ರೋಗದ ಹೆಸರಿಲ್ಲ. ಕೆಮ್ಮಿಲ್ಲ, ಜ್ವರವಿಲ್ಲ, ಸ್ವರಭಂಗವಿಲ್ಲ. ರೋಗವೆಂಬ ಸಾಮಾನ್ಯಶಬ್ದವೊಂದೇ, ಅದೂ ಸಮಾಸದ ಒಳಗೆ ಅಡಗಿದೆ. ಹನ್ನೊಂದು ಸರ್ಗಗಳಾದ ಮೇಲೆ ಅದೇ ಕವಿಯು ಅಗ್ನಿವರ್ಣನ ರೋಗವನ್ನು ಹೆಸರಿಟ್ಟು ಕರೆಯುತ್ತಾನೆ. ರತಿರಾಗದಿಂದ ಹುಟ್ಟಿದುದೆಂದು ನಿದಾನವನ್ನು ಹೇಳುತ್ತಾನೆ. ದಕ್ಷಶಾಪದಿಂದ ಚಂದ್ರನು ಸವೆದಂತೆ ಸವೆದನೆಂದು ಪುರಾಣವನ್ನು ನೆನೆಯುತ್ತಾನೆ. ವೈದ್ಯರ ಮಾತನ್ನು ದೊರೆಯು ಕೇಳಲಿಲ್ಲವೆಂದು ದೂರುತ್ತಾನೆ. ಗಾಳಿಯ ಮುಂದೆ ದೀಪವು ನಿಲ್ಲದಂತೆ ವೈದ್ಯಯತ್ನವನ್ನು ಮೀರಿದ ರೋಗದ ಮುಂದೆ ದೊರೆಯು ನಿಲ್ಲಲಿಲ್ಲವೆನ್ನುತ್ತಾನೆ. ಮಂತ್ರಿಗಳು ರೋಗವನ್ನು ಪ್ರಜೆಗಳಿಗೆ ಮರೆಮಾಡಿದುದು, ರೋಗಶಾಂತಿಯ ನೆಪದಲ್ಲಿ ಅರಮನೆಯ ಉಪವನದಲ್ಲಿಯೇ ಗುಟ್ಟಾಗಿ ದಹನಮಾಡಿದುದು, ಎಲ್ಲವೂ ಅಲ್ಲಿದೆ.

ವ್ಯವಾಯದಿಂದಾದ ಕ್ಷಯಕ್ಕೆ ಇಷ್ಟು ನಿದಾನ. ಶೋಕದಿಂದಾದ ರೋಗಕ್ಕೆ ಹೆಸರೂ ಇಲ್ಲ. ಇದು ಮರೆವೆಂದು ನಾನು ಎಣಿಸಲಾರೆ. ಅಜನ ರೋಗವನ್ನು ಯಕ್ಷ್ಮವೆಂದು ಕರೆದುಬಿಟ್ಟಿದ್ದರೆ ಅವನು ರೋಗಿಯಾಗುತ್ತಿದ್ದನು, ಶೋಕವು ಒಂದು ಹೇತುವಾಗುತ್ತಿತ್ತು. ಹೆಸರಿಡದೆ ಬಿಟ್ಟುದರಿಂದ ಅವನು ಕೊನೆಯವರೆಗೂ ಶೋಕಿಯಾಗಿಯೇ ಉಳಿದನು; ರೋಗವು ಅವನಿಗೆ ದಾರಿಯಾಯಿತೇ ಹೊರತು ಕಥೆಯಾಗಲಿಲ್ಲ. ಹೀಗಿರಲು, ಶೋಕದಿಂದ ಯಕ್ಷ್ಮವಾಗುವುದೆಂಬ ವೈದ್ಯಸಿದ್ಧಾಂತಕ್ಕೆ ರಘುವಂಶವನ್ನು ಪ್ರಮಾಣವಾಗಿ ತರುವವರು ಕವಿಯು ಬೇಕೆಂದೇ ಹೇಳದೆ ಬಿಟ್ಟುದನ್ನು ಅವನ ಬಾಯಲ್ಲಿ ಹಾಕುತ್ತಿದ್ದಾರೆಂದೇ ಹೇಳಬೇಕು.

(೨)

ಇನ್ನು ಶಾಸ್ತ್ರ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೮ನೆಯ ಅಧ್ಯಾಯವು ರಾಜಯಕ್ಷ್ಮಕ್ಕೆ ನಾಲ್ಕು ಹೇತುಗಳನ್ನು ಹೇಳುತ್ತದೆ: ಬಲಕ್ಕೆ ಮೀರಿದ ಸಾಹಸ, ವೇಗಗಳ ತಡೆ, ಧಾತುಕ್ಷಯ, ವಿಷಮಾಶನ. ಮೂರನೆಯದಾದ ಕ್ಷಯಕ್ಕೆ ಒಳಗಾಗಿ ಈರ್ಷ್ಯೆ, ಉತ್ಕಂಠೆ, ಭಯ, ಕ್ರೋಧ, ಶೋಕಗಳು ಬರುತ್ತವೆ. ಅವುಗಳ ಒತ್ತಿನಲ್ಲಿಯೇ ಅತಿವ್ಯವಾಯವೂ ಅನಶನವೂ ನಿಂತಿವೆ. ೧೮ನೆಯ ಅಧ್ಯಾಯದಲ್ಲಿ ಕ್ಷಯಜಕಾಸವು ಯಾರಿಗೆ ಬರುವುದೆಂದು ಎಣಿಸುವಾಗ ಶೋಕಿಸುವವರನ್ನೂ ಸೇರಿಸಿದೆ. ಇಷ್ಟು ಪೂರ್ವಪಕ್ಷಕ್ಕೆ ಅನುಕೂಲ.

ಆದರೆ ಅದೇ ಗ್ರಂಥದ ೧೭ನೆಯ ಅಧ್ಯಾಯಕ್ಕೆ, ಎಂದರೆ ಹಿಕ್ಕಾಶ್ವಾಸಗಳ ಪ್ರಕರಣಕ್ಕೆ, ಬಂದರೆ ಚಿತ್ರವೇ ಬೇರೆ. ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂಬ ಐದು ಶ್ವಾಸಗಳ ನಿದಾನದಲ್ಲಿ ಮೊದಲು ಬರುವವು ಧೂಳು, ಹೊಗೆ, ಗಾಳಿ, ತಂಪಾದ ಸ್ಥಳ, ತಣ್ಣೀರು, ವ್ಯಾಯಾಮ, ದಾರಿನಡೆ, ರೂಕ್ಷಾನ್ನ. ಯಾವ ರೋಗದಲ್ಲಿ ಉಸಿರೇ ಮುಖ್ಯವೋ, ಯಾವುದನ್ನು ಕವಿಗಳ ನಿಟ್ಟುಸಿರಿಗೆ ಅತಿ ಹತ್ತಿರವೆಂದು ನಾವು ತಿಳಿಯುತ್ತೇವೆಯೋ, ಅಲ್ಲಿ ಆಚಾರ್ಯರು ಮೊದಲು ಕೈತೋರುವುದು ಧೂಳಿನ ಕಡೆಗೆ. ಭಾವಗಳು ಆ ಅಧ್ಯಾಯದಲ್ಲಿ ಒಂದೆಡೆ ಬರುವುದುಂಟು, ಆದರೆ ಕಾರಣವಾಗಿ ಅಲ್ಲ, ಚಿಕಿತ್ಸೆಯಾಗಿ: ಬಿಕ್ಕಳಿಕೆಯನ್ನು ಬಿಡಿಸಲು ಥಟ್ಟನೆ ತಣ್ಣೀರೆರಚುವುದು, ಹೆದರಿಸುವುದು, ಬೆರಗುಗೊಳಿಸುವುದು, ಸಿಟ್ಟೆಬ್ಬಿಸುವುದು, ಹರ್ಷಪಡಿಸುವುದು. ನಮ್ಮ ಮನೆಗಳಲ್ಲಿ ಬಿಕ್ಕುವ ಮಗುವಿಗೆ “ಬೆಲ್ಲ ಕದ್ದೆಯಂತಲ್ಲ!” ಎಂದು ಗದರಿಸುವ ಅಜ್ಜಿಯರು ಚರಕವನ್ನು ಓದಿದವರಲ್ಲ, ಆದರೂ ಅವರ ಪ್ರಯೋಗವು ಶಾಸ್ತ್ರೋಕ್ತವಾದುದೇ.

ಸೂತ್ರಸ್ಥಾನದ ೭ನೆಯ ಅಧ್ಯಾಯವು ಇನ್ನೂ ಸೂಕ್ಷ್ಮವಾದುದು. ತಡೆಯಬಾರದ ವೇಗಗಳು ಹದಿಮೂರು. ತಡೆಯಬೇಕಾದವು ಬೇರೆ, ಅವುಗಳಲ್ಲಿ ಶೋಕ, ಭಯ, ಕ್ರೋಧಗಳು ಸೇರಿವೆ. ಆದರೆ ಕಣ್ಣೀರು ಎಲ್ಲಿದೆ? ತಡೆಯಬಾರದವುಗಳಲ್ಲಿ. ಆಯಾಸದ ಉಸಿರೂ ಅಲ್ಲಿಯೇ ಇದೆ. ಎಂದರೆ ಶೋಕವನ್ನು ಹಿಡಿಯಬೇಕು, ಅಳುವನ್ನು ಹಿಡಿಯಬಾರದು. ಅಳುವನ್ನು ಹಿಡಿದವನಿಗೆ ಬರುವ ರೋಗಗಳಲ್ಲಿ ಮೊದಲನೆಯದು ಪ್ರತಿಶ್ಯಾಯ, ನಮ್ಮ ನೆಗಡಿ. ಭಾವಕ್ಕೂ ಶ್ವಾಸಮಾರ್ಗಕ್ಕೂ ಇರುವ ನಂಟನ್ನು ಪ್ರಾಚೀನರು ಎಷ್ಟು ಅಳೆದು ಹೇಳಿರುವರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ. ಅವರು ಕಾರಣವೆಂದುದು ಶೋಕವನ್ನಲ್ಲ, ಶೋಕಕ್ಕೆ ಹೊರದಾರಿ ಸಿಕ್ಕದಿರುವುದನ್ನು.

ಉಳಿದುದು ಶೋಕಶೋಷವೆಂಬ ಪ್ರಸಿದ್ಧವಾದ ಹೆಸರು. ಮಾಧವನಿದಾನವನ್ನು ಕಂಠಪಾಠ ಮಾಡಿದವರೆಲ್ಲರಿಗೂ ಇದು ಪರಿಚಿತ: ವ್ಯವಾಯ, ಶೋಕ, ಮುಪ್ಪು, ವ್ಯಾಯಾಮ, ದಾರಿನಡೆ ಮುಂತಾದವುಗಳಿಂದ ಒಣಗಿದವರನ್ನು ಅಲ್ಲಿ ಬೇರೆಬೇರೆಯಾಗಿ ಲಕ್ಷಣೀಕರಿಸಿದೆ. ಮೂಲವು ಸುಶ್ರುತಸಂಹಿತೆಯ ಉತ್ತರತಂತ್ರದ ೪೧ನೆಯ ಅಧ್ಯಾಯದಲ್ಲಿದೆ. ಶೋಕಶೋಷಿಯು ಸದಾ ಚಿಂತಿಸುತ್ತಿರುವನು, ಅವಯವಗಳು ಸಡಿಲಗೊಂಡಿರುವನು. ಶುಕ್ರಕ್ಷಯದ ವಿಕಾರಗಳೊಂದು ಇಲ್ಲವೆಂಬುದನ್ನು ಬಿಟ್ಟರೆ ವ್ಯವಾಯಶೋಷಿಯಂತೆಯೇ ಇರುವನು. ಅಜನೂ ಅಗ್ನಿವರ್ಣನೂ ಇಲ್ಲಿ ಎದುರುಬದುರಾಗಿ ನಿಂತಂತಾಯಿತಲ್ಲವೆ? ವಿದ್ಯಾರ್ಥಿದೆಶೆಯಲ್ಲಿ ನನಗೆ ಈ ಸಂವಾದವು ಹೊಳೆದಾಗ ಬಹು ಹಿಗ್ಗಿದೆನು. ನನ್ನ ರಘುವಂಶದ ಪ್ರತಿಯಲ್ಲಿ, ಅಜನ ಎದೆಯನ್ನು ಶೋಕಶಂಕುವು ಸೀಳಿದ ಪದ್ಯದ ಅಂಚಿನಲ್ಲಿ, “ಶೋಕಶೋಷ” ಎಂದು ಬರೆದಿಟ್ಟೆನು. ಆ ಅಂಚಿನ ಬರೆಹದ ಮಾತು ಮುಂದೆ ಬರುವುದು.

(೩)

ಆಲಂಕಾರಿಕರ ಮತವನ್ನು ಸ್ವಲ್ಪದರಲ್ಲಿ ನೋಡೋಣ. ಭರತನು ಕರುಣಕ್ಕೆ ಹೇಳಿದ ಅನುಭಾವಗಳಲ್ಲಿ ಕಣ್ಣೀರು, ಬಾಯಾರುವಿಕೆ, ವೈವರ್ಣ್ಯಗಳೊಡನೆ ನಿಃಶ್ವಾಸವೂ ಇದೆ. ವ್ಯಭಿಚಾರಿಭಾವಗಳು ಮೂವತ್ತಮೂರರಲ್ಲಿ ವ್ಯಾಧಿಯೂ ಒಂದು. ಕಾಮದ ಹತ್ತು ಅವಸ್ಥೆಗಳಲ್ಲಿ ಉನ್ಮಾದಕ್ಕೆ ಮುಂದೆ, ಜಡತೆಗೆ ಹಿಂದೆ, ವ್ಯಾಧಿಯ ಸ್ಥಾನ. ಆದರೆ ಎಂಟು ಸಾತ್ತ್ವಿಕಭಾವಗಳಲ್ಲಿ ಉಸಿರಿಗೆ ಎಡೆಯಿಲ್ಲ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ಕಂಪ, ವೈವರ್ಣ್ಯ, ಅಶ್ರು, ಪ್ರಲಯ ಎಲ್ಲವೂ ಇವೆ; ಶೋಕದಲ್ಲಿ ಎಲ್ಲಕ್ಕಿಂತ ಮೊದಲು ಬದಲಾಗುವ ಉಸಿರೇ ಇಲ್ಲ. ಏಕೆ?

ನನ್ನ ಊಹೆ ಹೀಗಿದೆ. ಮಿಕ್ಕವು ಇಚ್ಛೆಗೆ ಒಳಪಡವು. ಮನಸ್ಸು ಆ ಭಾವದಲ್ಲಿ ನಿಲ್ಲದೆ ನಟನು ಅವುಗಳನ್ನು ತರಲಾರನು. ಉಸಿರಾದರೋ ಅರ್ಧ ತನ್ನ ವಶ, ಅರ್ಧ ಪರವಶ. ಯಾರು ಬೇಕಾದರೂ ಸುಯ್ಯಬಹುದು. ರನ್ನನ ಗದಾಯುದ್ಧದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಕೌರವನು ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದ ಒಳಗೆ ಅಡಗಿ ಕುಳಿತಿದ್ದಾನೆ. ನೀರಿನ ತಳದಲ್ಲಿ ಉಸಿರಿನ ತೊಡಕನ್ನು ಅವನು ಗೆದ್ದಾಗಿದೆ. ದಡದಿಂದ ಭೀಮನ ಅಬ್ಬರವು ಕೇಳಿತೋ ಇಲ್ಲವೋ, ಅಷ್ಟು ತಂಪಿನ ನಡುವೆಯೂ ಮೈಯಲ್ಲಿ ಬೆವರು ಮೂಡಿತು. ಮಂತ್ರವು ಉಸಿರನ್ನು ಆಳಿತು, ಬೆವರನ್ನು ಆಳಲಾರದೆ ಹೋಯಿತು. ಸಾತ್ತ್ವಿಕಕ್ಕೂ ಶ್ವಾಸಕ್ಕೂ ಇರುವ ಅಂತರವನ್ನು ರನ್ನನು ಲಕ್ಷಣವನ್ನು ಹೇಳದೆ ತೋರಿಸಿಕೊಟ್ಟನು. ಪತಂಜಲಿಯು ದುಃಖದೌರ್ಮನಸ್ಯಗಳ ಜೊತೆಗಾರರನ್ನಾಗಿ ಶ್ವಾಸಪ್ರಶ್ವಾಸಗಳನ್ನು ಎಣಿಸಿ, ಪ್ರಾಣಾಯಾಮದಿಂದ ಚಿತ್ತಕ್ಕೆ ದಾರಿ ಮಾಡಿಕೊಟ್ಟುದಕ್ಕೂ ಈ ಅರ್ಧಸ್ವಾತಂತ್ರ್ಯವೇ ಮೂಲವಾಗಿರಬೇಕು.

ಕನ್ನಡದ ಪದಗಳೂ ಸಾಕ್ಷಿಯಾಗಿವೆ. ದುಃಖದ ಉಸಿರಿಗೆ ನಿಟ್ಟುಸಿರು, ಬಿಸುಸುಯ್ ಎಂಬ ಮಾತುಗಳಿವೆ. ನೀಳವಾದುದು, ಬಿಸಿಯಾದುದು ಎಂದರ್ಥ. ಓಡಿದವನದು ಏದುಸಿರು, ಸಾಯುವವನದು ಮೇಲುಸಿರು, ರೋಗಿಯದು ಗೂರಲು. ಜನರು ಇವುಗಳನ್ನು ಒಂದರೊಡನೊಂದು ಬೆರೆಸುವುದಿಲ್ಲ. ಉಬ್ಬಸವೆಂಬ ಪದವೊಂದು ಮಾತ್ರ ಎರಡು ದಡಗಳಲ್ಲಿಯೂ ಕಾಲಿಟ್ಟಿದೆ: ಈಗ ಶ್ವಾಸರೋಗದ ಹೆಸರು, ಹಳೆಯ ಕಾವ್ಯಗಳಲ್ಲಿ ಸಂಕಟಕ್ಕೂ ಹೆಸರು. ಪೂರ್ವಪಕ್ಷದವರಿಗೆ ಈ ಒಂದು ಪದವನ್ನು ಬಿಟ್ಟುಕೊಡಲು ನನ್ನ ಅಡ್ಡಿಯಿಲ್ಲ.

ಕನ್ನಡದ ಕಾವ್ಯಗಳಲ್ಲಿ ಉಸಿರು ಕಟ್ಟಿ ಸತ್ತವರೆಂದರೆ ನೆನಪಿಗೆ ಬರುವವರು ಪಂಪನ ಆದಿಪುರಾಣದ (ಕ್ರಿ. ಶ. ೯೪೧) ವಜ್ರಜಂಘ ಶ್ರೀಮತಿಯರು. ಶೋಕವಲ್ಲ, ಅವರದು ಪರಮಭೋಗ. ಶಯ್ಯಾಗೃಹದಲ್ಲಿ ಧೂಪವನ್ನಿಟ್ಟವರು ಹೊಗೆ ಹೋಗಲು ಗವಾಕ್ಷವನ್ನು ತೆರೆಯಲು ಮರೆತರು; ಅಪ್ಪಿ ಮಲಗಿದ್ದ ಇಬ್ಬರೂ ಹೊಗೆ ತುಂಬಿ ಸತ್ತರು. ಪಂಪನಂತಹ ಕವಿಗೆ ಇಲ್ಲಿ ಪ್ರೇಮಾತಿಶಯವನ್ನೇ ಮರಣಹೇತುವಾಗಿ ಮಾಡುವುದು ಕಷ್ಟವಾಗಿರಲಿಲ್ಲ. ಅವನು ಹಾಗೆ ಮಾಡದೆ, ಮುಚ್ಚಿದ ಕಿಟಕಿಯನ್ನೂ ಹೊಗೆಯನ್ನೂ ಕಾರಣವಾಗಿ ಉಳಿಸಿಕೊಂಡನು. ಮೂಲವಾದ ಜಿನಸೇನನ ಕಥೆಯಲ್ಲಿಯೂ ಹಾಗೆಯೇ ಇದೆ. ಆ ಪ್ರಸಂಗದ ಭಯಂಕರತೆಯೆಲ್ಲವೂ ಕಾರಣವು ಅಷ್ಟು ಅಲ್ಪವಾಗಿರುವುದರಲ್ಲಿಯೇ ಇದೆ.

(೪)

ಭಾವವೇ ರೋಗವನ್ನು ತಂದಿತೆಂಬ ನಂಬಿಕೆಯು ನಮ್ಮದೊಂದೇ ಅಲ್ಲ. ಆಂಗ್ಲಕವಿಯಾದ ಕೀಟ್ಸ್ ೧೮೨೧ನೆಯ ಫೆಬ್ರವರಿ ೨೩ರಂದು ರೋಮಿನಲ್ಲಿ ಕ್ಷಯದಿಂದ ತೀರಿಕೊಂಡನು. ೧೮೧೮ರಲ್ಲಿ ಕ್ವಾರ್ಟರ್ಲಿ ರಿವ್ಯೂ ಪತ್ರಿಕೆಯಲ್ಲಿ ಅವನ ಕಾವ್ಯದ ಮೇಲೆ ಬಂದ ಕ್ರೂರವಾದ ವಿಮರ್ಶೆಯೇ ಅವನನ್ನು ಕೊಂದಿತೆಂದು ಷೆಲ್ಲಿಯು ಲೋಕಕ್ಕೆಲ್ಲ ಸಾರಿದನು; ಬೈರನ್ನನು ಅದನ್ನೇ ಹಾಸ್ಯಮಾಡಿದನು. ವಿಮರ್ಶಕನೊಬ್ಬನ ಲೇಖನಿಗೆ ಇಂತಹ ಶಕ್ತಿಯಿದೆಯೆಂದು ಕೇಳಿ ನಮ್ಮ ವಿಮರ್ಶಕಮಿತ್ರರಲ್ಲಿ ಕೆಲವರು ಒಳಗೊಳಗೇ ಸಂತೋಷಪಡಬಹುದು! ನಿಜಸ್ಥಿತಿಯೇನೆಂದರೆ, ಕೀಟ್ಸನ ತಾಯಿಯೂ ಅದೇ ರೋಗದಿಂದ ಸತ್ತಿದ್ದಳು. ತಮ್ಮನಾದ ಟಾಮನನ್ನು ಅವನೇ ಶುಶ್ರೂಷೆಮಾಡುತ್ತಿದ್ದನು, ಆ ತಮ್ಮನು ೧೮೧೮ರ ಡಿಸೆಂಬರಿನಲ್ಲಿ ತೀರಿಕೊಂಡನು. ವೈದ್ಯವನ್ನು ಕಲಿತಿದ್ದ ಕೀಟ್ಸನು ೧೮೨೦ರ ಫೆಬ್ರವರಿಯಲ್ಲಿ ತಾನು ಕೆಮ್ಮಿದ ರಕ್ತದ ಬಣ್ಣವನ್ನು ನೋಡಿಯೇ ತನ್ನ ಗತಿಯನ್ನು ಅರಿತನು. ಅವನು ವಿಮರ್ಶೆಯನ್ನು ದೂರಲಿಲ್ಲ.

೧೮೮೨ರ ಮಾರ್ಚ್ ೨೪ರಂದು ರಾಬರ್ಟ್ ಕಾಕನು ಬರ್ಲಿನ್ನಿನಲ್ಲಿ ಕ್ಷಯದ ಕ್ರಿಮಿಯನ್ನು ಪ್ರಕಟಪಡಿಸಿದ ಮೇಲೆ ಈ ಕಥೆಗಳು ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಸೂಸನ್ ಸಾಂಟಾಗ್ ಎಂಬ ಅಮೆರಿಕದ ಲೇಖಕಿಯು ೧೯೭೮ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಕ್ಷಯವನ್ನು ಉತ್ಕಟರಾಗದ ರೋಗವೆಂದು ಬಣ್ಣಿಸಿದ ಸಾಹಿತ್ಯವನ್ನೆಲ್ಲ ಜಾಲಿಸಿ, ರೋಗವನ್ನು ರೂಪಕವಾಗಿ ಮಾಡಿದರೆ ಹೊರೆಯು ಕೊನೆಗೆ ರೋಗಿಯ ತಲೆಯ ಮೇಲೆಯೇ ಬೀಳುವುದೆಂದು ತೋರಿಸಿದಳು. ಆಕೆಯ ವಾದದಲ್ಲಿ ಕೆಲವೆಡೆ ಅತಿರೇಕವಿದೆಯೆಂದು ನನಗೆ ತೋರುವುದು. ರೂಪಕವಿಲ್ಲದೆ ಮನುಷ್ಯನು ನೋವನ್ನು ಹೇಳಿಕೊಳ್ಳಲಾರನು. ಆದರೆ ಹೊರೆಯ ಮಾತು ಸತ್ಯ.

ಹಾಗಾದರೆ ಭಾವಕ್ಕೂ ಶ್ವಾಸರೋಗಕ್ಕೂ ನಂಟೇ ಇಲ್ಲವೆ? ಇದೆ. ಫ್ರಾನ್ಸಿನ ಪ್ರಸಿದ್ಧ ವೈದ್ಯನಾದ ಟ್ರುಸ್ಸೋ ತಾನೇ ಉಬ್ಬಸದವನು. ಗಾಡಿಯವನು ಕುದುರೆಯ ಓಟ್ಸ್ ಧಾನ್ಯವನ್ನು ಕದಿಯುತ್ತಿರುವನೆಂದು ಶಂಕಿಸಿ, ಅಟ್ಟಕ್ಕೆ ಹೋಗಿ ಅದನ್ನು ಅಳೆಸುತ್ತಿರುವಾಗ ಅವನಿಗೆ ಉಬ್ಬಸವು ಕೆರಳಿತು. ಅದಕ್ಕಿಂತ ದಟ್ಟವಾದ ಧೂಳಿನಲ್ಲಿ ಬೇರೆ ಸಮಯಗಳಲ್ಲಿ ಏನೂ ಆಗದಿದ್ದುದರಿಂದ, ಕಳವಿನ ಶಂಕೆಯಿಂದ ಕದಡಿದ ಮನಸ್ಸೂ ಧೂಳೂ ಕೂಡಿದುದೇ ಕಾರಣವೆಂದು ಅವನು ನಿರ್ಣಯಿಸಿದನು. ಧೂಳನ್ನು ಅವನು ಬಿಡಲಿಲ್ಲವೆಂಬುದನ್ನು ಗಮನಿಸಬೇಕು. ೧೮೮೬ರಲ್ಲಿ ಮೆಕೆಂಜಿ ಎಂಬ ಅಮೆರಿಕದ ವೈದ್ಯನು, ಗುಲಾಬಿಯಿಂದ ಉಬ್ಬಸಗೊಳ್ಳುತ್ತಿದ್ದ ಸ್ತ್ರೀಯೊಬ್ಬಳ ಮುಂದೆ ಕೃತಕವಾದ ಗುಲಾಬಿಯನ್ನು ಹಿಡಿದಾಗಲೂ ರೋಗವು ಕೆರಳಿದುದನ್ನು ವರದಿಮಾಡಿದನು. ೧೯೬೮ರಲ್ಲಿ ಲುಪರೆಲ್ಲೋ ಮತ್ತು ಸಂಗಡಿಗರು ೪೦ ಮಂದಿ ಉಬ್ಬಸರೋಗಿಗಳಿಗೆ ಬರಿಯ ಉಪ್ಪುನೀರಿನ ಹಬೆಯನ್ನು ಕೊಟ್ಟು, ನಿಮಗೆ ಒಗ್ಗದ ದ್ರವ್ಯವಿದು ಎಂದು ಹೇಳಿದರು. ೧೯ ಮಂದಿಯ ಶ್ವಾಸನಾಳಗಳು ಬಿಗಿದುವು, ೧೨ ಮಂದಿಗೆ ರೋಗವೇ ಪೂರ್ಣವಾಗಿ ಕೆರಳಿತು. ಮಿದುಳಿನಿಂದ ಶ್ವಾಸನಾಳದ ಸ್ನಾಯುಗಳಿಗೆ ಹೋಗುವ ವೇಗಸ್ ಎಂಬ ನರವು ಅವುಗಳನ್ನು ಸಂಕೋಚಗೊಳಿಸಬಲ್ಲುದರಿಂದ ಇದು ಅಸಂಭಾವ್ಯವಲ್ಲ. ೧೯೯೧ರಲ್ಲಿ ಕೋಹೆನ್ ಮೊದಲಾದವರು ೩೯೪ ಮಂದಿ ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ಸನ್ನು ಹನಿಸಿ ನೋಡಿದಾಗ, ಮನಃಕ್ಲೇಶವು ಹೆಚ್ಚಾಗಿದ್ದವರಲ್ಲಿ ನೆಗಡಿಯೂ ಹೆಚ್ಚಾಗಿತ್ತು. ಬಾಷ್ಪನಿಗ್ರಹ ಪ್ರತಿಶ್ಯಾಯಗಳ ಪ್ರಕರಣವನ್ನು ಬಲ್ಲವರಿಗೆ ಇದನ್ನು ಓದುವಾಗ ಮುಗುಳುನಗೆ ಬಾರದಿರದು. ಆದರೆ ಇಲ್ಲಿಯೂ ಹನಿಸಿದುದು ವೈರಸ್ಸನ್ನು, ಕ್ಲೇಶವೊಂದೇ ನೆಗಡಿಯಾಗಲಿಲ್ಲ.

ಎಚ್ಚರವಿಲ್ಲದಿದ್ದರೆ ಏನಾಗುವುದೆಂಬುದಕ್ಕೂ ಉದಾಹರಣೆಯಿದೆ. ೧೯೪೧ರಲ್ಲಿ ಷಿಕಾಗೋ ನಗರದ ಫ್ರೆಂಚ್ ಮತ್ತು ಅಲೆಕ್ಸಾಂಡರ್ ಎಂಬ ಮನೋವೈದ್ಯರು, ಉಬ್ಬಸವೆಂದರೆ ತಾಯಿಗಾಗಿ ಅಳಬೇಕೆಂದು ಎದ್ದು ಅಡಗಿಹೋದ ಅಳುವೆಂಬ ಮತವನ್ನು ಮಂಡಿಸಿದರು. ಕೇಳಲು ಕಾವ್ಯದಂತಿದೆ. ನಮ್ಮ ಆಚಾರ್ಯರ ವೇಗಧಾರಣೆಯ ಮಾತಿಗೆ ಹತ್ತಿರವೂ ಆಗಿದೆ. ಆದರೆ ಈ ಮತವು ಬಳಕೆಯಲ್ಲಿದ್ದಷ್ಟು ಕಾಲ ಉಬ್ಬಸದ ಮಕ್ಕಳ ತಾಯಂದಿರು ಅಪರಾಧಿಗಳಂತೆ ನಿಲ್ಲಬೇಕಾಯಿತು. ಉಬ್ಬಸವು ಶ್ವಾಸನಾಳದ ಒಳಪೊರೆಯ ಉರಿಯೂತವೆಂದು ಗೊತ್ತಾದ ಮೇಲೆ ಮತವು ಬಿದ್ದುಹೋಯಿತು.

(೫)

ಈಗ ಅಂಚಿನ ಬರೆಹದ ಮಾತು. ಈಗ್ಗೆ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ತಂಗಿಯು ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದಳು. ಅವಳ ಗಂಡನೂ ಕೊನೆಯ ತಿಂಗಳುಗಳಲ್ಲಿ ಕೆಮ್ಮುತ್ತಿದ್ದನು. ಏನೆಂದು ಗೊತ್ತಾಗುವ ಮೊದಲೇ ಹೋಗಿಬಿಟ್ಟನು. ಆರು ತಿಂಗಳು ಕಳೆಯುವುದರೊಳಗೆ ಇವಳೂ ಕೆಮ್ಮತೊಡಗಿದಳು, ಸಣ್ಣಗಾದಳು, ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಮಾತು ತಗ್ಗಿತು. ಮನೆಯವರೆಲ್ಲರೂ ನನ್ನ ಮುಖವನ್ನು ನೋಡಿದರು, ನಾನು ಓದಿದವನು. ನನಗೆ ಮಾಧವನಿದಾನವು ಬಾಯಿಗೆ ಬಂದಿತು. ಇದು ಶೋಕಶೋಷ, ಮನಸ್ಸು ತಿಳಿಯಾದರೆ ತಾನೇ ಇಳಿಯುವುದು ಎಂದೆನು. ಸಂಜೆ ಸಂಜೆಗೆ ಭಾಗವತವನ್ನು ಓದಿ ಹೇಳಿದೆನು, ಅಳಬೇಡವೆಂದೆನು. ಸೂತ್ರಸ್ಥಾನವು ನೆನಪಾದಾಗ, ಅತ್ತುಬಿಡು ಎಂದೂ ಹೇಳಿದೆನು. ಒಂದು ದಿನ ಅವಳು, “ಅಣ್ಣಯ್ಯಾ, ಅವರನ್ನು ನೆನೆದು ಅತ್ತರೂ ಕೆಮ್ಮು ಬರುತ್ತದೆ, ಅಳದೆ ಬಿಗಿಹಿಡಿದರೂ ಕೆಮ್ಮು ಬರುತ್ತದೆ. ನಾನು ಏನು ಮಾಡಿದರೆ ಸರಿ ಅಂತ ಒಂದು ಹೇಳಿಬಿಡು” ಎಂದಳು. ನಾನು ಉತ್ತರ ಕೊಡಲಿಲ್ಲ. ನಾಲ್ಕು ತಿಂಗಳು ಹೀಗೆ ಕಳೆದುವು. ಕೊನೆಗೆ ನನ್ನ ಹೆಂಡತಿಯು ನನ್ನನ್ನು ಕೇಳದೆ ಅವಳನ್ನು ಕರೆದುಕೊಂಡು ಹೋಗಿ ಕಫವನ್ನು ಪರೀಕ್ಷೆ ಮಾಡಿಸಿದಳು. ಕ್ರಿಮಿಗಳು ಕಂಡುವು. ಆರು ತಿಂಗಳು ಗುಳಿಗೆಗಳನ್ನು ತಪ್ಪದೆ ನುಂಗಿ ಅವಳು ಗುಣಹೊಂದಿದಳು. ಆ ಆರು ತಿಂಗಳಲ್ಲಿ ಅವಳ ಶೋಕವು ಎಳ್ಳಷ್ಟೂ ಕಡಮೆಯಾಗಿರಲಿಲ್ಲವೆಂಬುದನ್ನು ಹೇಳಲೇಬೇಕು.

ಇದು ಹೀಗೇಕಾಯಿತೆಂದು ಆಮೇಲೆ ಪುಸ್ತಕಗಳನ್ನು ತೆರೆದೆನು. ಮದ್ರಾಸಿನಲ್ಲಿ ೧೯೫೬ರಿಂದ ನಡೆದು ೧೯೫೯ರಲ್ಲಿ ಪ್ರಕಟವಾದ ಪ್ರಸಿದ್ಧವಾದ ಪರೀಕ್ಷೆಯಲ್ಲಿ, ಇಕ್ಕಟ್ಟಾದ ಮನೆಗಳಲ್ಲಿ ಅರೆಹೊಟ್ಟೆಯಿಂದಿದ್ದು ಔಷಧವನ್ನು ತೆಗೆದುಕೊಂಡ ಕ್ಷಯರೋಗಿಗಳು, ಆರೋಗ್ಯಧಾಮದಲ್ಲಿ ವಿಶ್ರಾಂತಿಯಿಂದ ಒಳ್ಳೆಯ ಊಟವನ್ನುಂಡು ಅದೇ ಔಷಧವನ್ನು ತೆಗೆದುಕೊಂಡವರಷ್ಟೇ ಚೆನ್ನಾಗಿ ಗುಣಹೊಂದಿದರೆಂದು ಓದಿದೆನು. ಕ್ಷಯದ ಕ್ರಿಮಿಯು ಹೊಕ್ಕವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ರೋಗವು ಏಳುವುದೆಂದೂ, ಅನ್ನದ ಕೊ

ರತೆಯು ಅದನ್ನು ಎಬ್ಬಿಸುವ ದೊಡ್ಡ ಕಾರಣಗಳಲ್ಲಿ ಒಂದೆಂದೂ ಓದಿದೆನು. ಚರಕನು ಶೋಕದ ಒತ್ತಿನಲ್ಲಿ ಅನಶನವನ್ನು ಇಟ್ಟುದು ಆಗ ನೆನಪಾಯಿತು. ನನ್ನ ತಂಗಿಯು ಗಂಡ ಸತ್ತಮೇಲೆ ಒಪ್ಪೊತ್ತು ಮಾತ್ರ ಉಣ್ಣುತ್ತಿದ್ದಳು. ನಾವು ಅದನ್ನು ವ್ರತವೆಂದು ಮೆಚ್ಚಿಕೊಂಡಿದ್ದೆವು.

ಆದರೆ ನನ್ನನ್ನು ನಿಜವಾಗಿ ನಾಚಿಸಿದುದು ಹೊಸ ಗ್ರಂಥವಲ್ಲ, ಹಳೆಯದೇ. ಉತ್ತರತಂತ್ರದ ಆ ೪೧ನೆಯ ಅಧ್ಯಾಯವನ್ನು ಮತ್ತೆ ಓದಿದೆನು. ಶೋಕಶೋಷಾದಿಗಳನ್ನು ಸುಶ್ರುತನು ತನ್ನ ಮತವೆಂದು ಹೇಳಿಲ್ಲ. ಅನ್ಯರು ಹೇಳುವರೆಂದು ಎತ್ತಿಕೊಂಡಿರುವನು. ಲಕ್ಷಣಗಳನ್ನು ಹೇಳಿ ಮುಗಿಸಿದ ಮೇಲೆ, ಇವುಗಳಲ್ಲಿ ದೋಷಗಳ ಸಮಸ್ತಲಕ್ಷಣಗಳೂ ಕೂಡಿ ಬರುವುದಿಲ್ಲ, ಆದುದರಿಂದ ಇವುಗಳನ್ನು ಆಯಾ ಧಾತುಗಳ ಕ್ಷಯಗಳೆಂದೇ ತಿಳಿಯತಕ್ಕುದು ಎಂದು ಬೇರ್ಪಡಿಸಿರುವನು. ಎಂದರೆ ಶೋಕದಿಂದ ಒಣಗುವುದು ಬೇರೆ, ಯಕ್ಷ್ಮವು ಬೇರೆ. ಕೆಮ್ಮು, ಜ್ವರ, ಸ್ವರಭೇದಗಳು ಒಟ್ಟಾಗಿ ಬಂದರೆ ಅದನ್ನು ಶೋಕದ ಮೇಲೆ ಹಾಕಿ ಸುಮ್ಮನಿರಬಾರದು. ಲಕ್ಷಣದ ಶ್ಲೋಕವು ನನಗೆ ಕಂಠಸ್ಥವಾಗಿತ್ತು, ವಿವೇಚನೆಯ ಶ್ಲೋಕವು ಕಂಠಸ್ಥವಾಗಿರಲಿಲ್ಲ. ಸ್ವರಭೇದವನ್ನು ನಾನು ಕಿವಿಯಾರೆ ಕೇಳಿದ್ದೆನು. ಕೇಳಿ, ಅದನ್ನು ಭರತನ ಎಂಟರಲ್ಲಿ ಒಂದಾಗಿ ಎಣಿಸಿದ್ದೆನು.

ಇನ್ನೊಂದು ಸ್ಥಳವೂ ಇದೆ. ಸುಶ್ರುತದ ನಿದಾನಸ್ಥಾನದ ೫ನೆಯ ಅಧ್ಯಾಯದ ಕೊನೆಯಲ್ಲಿ, ಮನುಷ್ಯನಿಂದ ಮನುಷ್ಯನಿಗೆ ದಾಟುವ ರೋಗಗಳನ್ನೂ ದಾಟುವ ದಾರಿಗಳನ್ನೂ ಎಣಿಸಿದೆ. ರೋಗಗಳಲ್ಲಿ ಕುಷ್ಠಜ್ವರಗಳೊಡನೆ ಶೋಷವಿದೆ. ದಾರಿಗಳಲ್ಲಿ ಮೈಸೋಂಕು, ಸಹಭೋಜನ, ಒಂದೇ ಹಾಸಿಗೆಗಳೊಡನೆ ನಿಃಶ್ವಾಸವಿದೆ. ಕವಿಗಳು ಯಾವುದನ್ನು ಶೋಕದ ಅನುಭಾವವೆಂದರೋ ಅದೇ ನಿಃಶ್ವಾಸ, ಅದೇ ಪದ. ರೋಗಿಯಾದ ಗಂಡನ ಪಕ್ಕದಲ್ಲಿ ತಿಂಗಳುಗಟ್ಟಲೆ ಕುಳಿತ ಹೆಂಡತಿಗೆ ರೋಗವು ಬಂದುದು ಅವಳು ಬಿಟ್ಟ ನಿಟ್ಟುಸಿರಿನಿಂದಲ್ಲ, ಅವನು ಬಿಟ್ಟ ಉಸಿರಿನಿಂದ. ಟಾಮನ ಪಕ್ಕದಲ್ಲಿ ಕುಳಿತ ಕೀಟ್ಸನಿಗೂ ಹೀಗೆಯೇ ಆಗಿರಬೇಕು.

ಇಷ್ಟಾದ ಮೇಲೆ ಅಗ್ನಿವರ್ಣನ ಪದ್ಯವನ್ನು ಹಿಂದಿನಂತೆ ಓದಲು ನನಗೆ ಆಗುವುದಿಲ್ಲ. ಯಕ್ಷ್ಮಿಯು ವಿರಹಿಯಂತೆ ಕಾಣಿಸುತ್ತಾನೆ. ಆದುದರಿಂದ ನೋಡುವವರು ಮೋಸಹೋಗುತ್ತಾರೆ. ಹೋಲಿಕೆಯಿಂದ ಕವಿಯು ಕಾರಣವನ್ನು ಹೇಳುತ್ತಿಲ್ಲ, ಭ್ರಮೆಗೆ ಇರುವ ಅವಕಾಶವನ್ನು ತೋರುತ್ತಿದ್ದಾನೆ. ಆ ದೊರೆಯ ಆಸ್ಥಾನದಲ್ಲಿಯೂ ಅವನ ಬಿಳುಪನ್ನು ವಿಲಾಸವೆಂದೇ ಬಗೆದವರು ಇದ್ದಿರಬಹುದು. ಅಜನ ವಿಷಯದಲ್ಲಿ ಹೆಸರಿಡದೆ ಬಿಟ್ಟುದೂ ಇದೇ ವಿವೇಕದಿಂದ ಬಂದುದೆಂದು ಈಗ ನನ್ನ ಅಭಿಪ್ರಾಯ. ಸಹೃದಯರು ಬೇರೆಯಾಗಿ ತಿಳಿದಲ್ಲಿ ತಿದ್ದಿಕೊಳ್ಳಲು ಸಿದ್ಧನಾಗಿದ್ದೇನೆ.

ನನ್ನ ತಂಗಿಯು ಈಗ ಆರೋಗ್ಯವಾಗಿದ್ದಾಳೆ. ಎಂಟನೆಯ ಸರ್ಗವನ್ನು ಪಾಠ ಹೇಳುವಾಗ ಒಳಮನೆಯಿಂದ ಕೇಳಿಸಿಕೊಳ್ಳುವುದುಂಟು. ನನ್ನ ಪ್ರತಿಯ ಅಂಚಿನಲ್ಲಿದ್ದ “ಶೋಕಶೋಷ” ಎಂಬುದನ್ನು ನಾನು ಅಳಿಸಿಲ್ಲ. ಅದರ ಕೆಳಗೆ “ಉತ್ತರತಂತ್ರ ೪೧, ಕೊನೆಯವರೆಗೆ ಓದುವುದು” ಎಂದು ಬೇರೆ ಮಸಿಯಲ್ಲಿ ಸೇರಿಸಿದ್ದೇನೆ.